ಒದ್ದೆ ಕೈಯ ಔಷಧಿ

ಅಕ್ಕ ರಾಮನಗರದ ರೇಷ್ಮೆ ನೂಲು ತೆಗೆಯುವ ಘಟಕವೊಂದರಲ್ಲಿ ಕೆಲಸಕ್ಕಿದ್ದಳು. ಆಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಘಟಕಗಳೇ ಬೇಗ ಬೆಳೆಯುತ್ತಿದ್ದವು. ಖಾಲಿ ಸೈಟು ಕಂಡರೆ ಸಾಕು, ಶೀಟು ಹೊದಿಸಿ ಒಲೆ ಹೂಡಿಬಿಡುತ್ತಿದ್ದರು. ಗೂಡು ಬೇಯುವ ಬಿಸಿನೀರಿನ ಮುಂದೆ ಕೂತು, ಕೈಯದ್ದಿ ಎಳೆ ಹುಡುಕುವುದು ಅಕ್ಕನ ಕೆಲಸ. ಬೆಂದ ಹುಳದ ಹಬೆ ಸೂರಿನವರೆಗೆ ತುಂಬಿರುತ್ತಿತ್ತು. ಅಲ್ಲಿ ಕೆಮ್ಮದವರೇ ಇರಲಿಲ್ಲ, ಆದರೆ ಉಬ್ಬಸ ಹಿಡಿದದ್ದು ಅಕ್ಕನಿಗೆ.

ಡಾಕ್ಟರು ಇನ್ಹೇಲರ್ ಕೊಟ್ಟರು. ಪ್ಲಾಸ್ಟಿಕ್ಕಿನ ಪುಟ್ಟ ಕೊಳವೆ. ಅದರೊಳಗೆ ಪುಡಿ ತುಂಬಿದ ಕ್ಯಾಪ್ಸೂಲ್ ಹಾಕಿ, ತಿರುಗಿಸಿ ಒಡೆದು, ಬಾಯಿಗಿಟ್ಟು ಜೋರಾಗಿ ಉಸಿರೆಳೆದು, ಒಂದಿಷ್ಟು ಹೊತ್ತು ಹಿಡಿದಿರಬೇಕು. ಅಕ್ಕ ಒಂದೇ ಸಲಕ್ಕೆ ಕಲಿತಳು. ಆದರೂ ಉಬ್ಬಸ ಇಳಿಯಲಿಲ್ಲ. ಹೋದಾಗಲೆಲ್ಲ ಡಾಕ್ಟರು "ಮಾಡಿ ತೋರಿಸಮ್ಮ" ಅನ್ನುವರು, ಅವಳು ಅಚ್ಚುಕಟ್ಟಾಗಿ ಮಾಡಿ ತೋರಿಸುವಳು, ಅವರು ಔಷಧಿಯ ಪವರ್ ಹೆಚ್ಚಿಸುವರು. ಎರಡು ವರ್ಷ ಹೀಗೇ ಹೋಯಿತು. ಗಂಡನ ಮನೆಯಲ್ಲಿ ಅಕ್ಕ ರಾತ್ರಿಯೆಲ್ಲ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಹಬ್ಬದ ಒಬ್ಬಟ್ಟು ಕೊಡಲು ಘಟಕಕ್ಕೆ ಹೋದೆ. ಅಕ್ಕ ಬಿಸಿನೀರಿನಿಂದ ಕೈ ತೆಗೆದು, ಸೆರಗಿಗೆ ಒರೆಸಿ, ಕ್ಯಾಪ್ಸೂಲ್ ಬಿಡಿಸುತ್ತಿದ್ದಳು. ಆ ಸೆರಗೇ ತೊಯ್ದು ತೊಪ್ಪೆಯಾಗಿತ್ತು. ಕ್ಯಾಪ್ಸೂಲ್ ಬೆರಳಿಗೆ ಅಂಟಿ ಮೆತ್ತಗಾಯಿತು. ಅದನ್ನೇ ಕೊಳವೆಗೆ ತುರುಕಿ ಎಳೆದಳು. ನಾನು ಕಿತ್ತುಕೊಂಡು ಬಿಚ್ಚಿ ನೋಡಿದೆ. ಪುಡಿಯೆಲ್ಲ ಕಲಸಿದ ಮೈದಾಹಿಟ್ಟಿನ ಹಾಗೆ ಒಳಗೇ ಮೆತ್ತಿಕೊಂಡಿತ್ತು.

"ಮನೇಲೇ ಎಳ್ಕೊಳಕ್ಕೆ ಏನಾಗಿತ್ತಕ್ಕ ನಿಂಗೆ?"

"ನಮ್ಮತ್ತೆ ನೋಡುದ್ರೆ ಟೀಬಿ ಐತೆ ಅಂತ ಊರೆಲ್ಲ ಸಾರ್ಬುಡ್ತಾಳೆ ಕಣೇ. ಇಲ್ಲಾದ್ರೆ ಯಾರೂ ಕೇಳಾಕಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಆ ಅತ್ತೆಯ ಮೇಲೆ, ಆಸ್ಪತ್ರೆಯ ಫ್ಯಾನಿನ ಕೆಳಗೆ ಒಣಗಿದ ಕೈ ನೋಡಿ ಮೆಚ್ಚಿದ ಡಾಕ್ಟರ ಮೇಲೆ. ಏನು ಕೆಲಸ ಮಾಡುತ್ತೀಯಮ್ಮ ಎಂದು ಆ ಮಹಾನುಭಾವ ಒಂದು ದಿನವಾದರೂ ಕೇಳಬಾರದಿತ್ತೆ?

ಅಂದಿನಿಂದ ಹೊಸ ಕೊಳವೆ, ಕ್ಯಾಪ್ಸೂಲ್ ಎಲ್ಲ ನಮ್ಮ ಮನೆಯಲ್ಲಿ. ಕೆಲಸಕ್ಕೆ ಹೋಗುವಾಗ, ಬರುವಾಗ ಅಕ್ಕ ಬರುವಳು. ನಾನು ಒಣ ಟವೆಲ್ಲಿನಲ್ಲಿ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸುವೆ. ಅವಳು ಔಷಧಿ ಎಳೆದುಕೊಂಡು, ಬಾಯಿ ಮುಕ್ಕಳಿಸಿ ಹೋಗುವಳು. ಕೆಲವೇ ವಾರಗಳಲ್ಲಿ ಅವಳು ಕಾಲು ಚಾಚಿ ಮಲಗಿ ನಿದ್ದೆ ಮಾಡಿದಳು. ಎಷ್ಟು ಖುಷಿಯಾಗಿತ್ತು ನನಗೆ! ಇನ್ನೇನು, ಅಕ್ಕ ಉಳಿದಳು ಅಂದುಕೊಂಡೆ.

ಆ ಧೈರ್ಯದ ಮೇಲೆಯೇ ಬೇರೊಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಔಷಧಿ ಈಗ ಸರಿಯಾಗಿ ಸೇರುತ್ತಿದೆ, ಆದರೆ ಹಾಳಾದ ಶ್ವಾಸಕೋಶ ಮತ್ತೆ ಸರಿಹೋಗುವುದಿಲ್ಲ, ಹಬೆಯ ಕೆಲಸ ಇವತ್ತೇ ಬಿಡಿಸಿ ಎಂದರು.

ಹೊರಗೆ ಬೆಂಚಿನ ಮೇಲೆ ಕೂತು ಅಕ್ಕ ಕೇಳಿದಳು: "ಹಂಗಾರೆ ಇಷ್ಟ್ ದಿನ ನಾನು ಒಳಕ್ಕೆ ಎಳ್ಕೊಂಡಿದ್ದು ಏನೇ?"

ಹುಳದ ಹಬೆ ಕಣಕ್ಕ ಎನ್ನುವ ಬದಲು ನಾನು ಒಣಗಿದ್ದ ಅವಳ ಬೆರಳುಗಳನ್ನೇ ಮತ್ತೆ ಒಂದೊಂದಾಗಿ ಒರೆಸತೊಡಗಿದೆ. ಕೆಲಸ ಬಿಡಿಸಿದೆವು, ಆದರೂ ಆ ವರ್ಷದ ಚಳಿಗಾಲ ಕಳೆಯುವ ಮೊದಲೇ ಅವಳು ತೀರಿಕೊಂಡಳು.