ಹಡಗಿನಲ್ಲಿ ಮೀಯುವ ಸಂಕಟ

ನಾನು ಕಡಲ ತಡಿಯವಳು, ಈಜು ಬಾರದವಳು. ಮಲ್ಪೆಯ ಹತ್ತಿರ ಬೆಳೆದೆ ಎಂದೊಡನೆ ಇಲ್ಲಿ ಸ್ವೀಡನ್ನಿನವರು ನಾನು ಹುಟ್ಟಾ ಈಜುಗಾತಿ ಎಂದೇ ತಿಳಿಯುತ್ತಾರೆ. ನಾವು ಕಡಲಿಗೆ ಹೋಗುತ್ತಿದ್ದದ್ದು ಚುರುಮುರಿ ತಿನ್ನುವುದಕ್ಕೆ, ಮತ್ತೆ ಮೊಣಕಾಲಿನವರೆಗೆ ಬಟ್ಟೆ ಒದ್ದೆ ಮಾಡಿಕೊಂಡು ಮನೆಯಲ್ಲಿ ಬೈಸಿಕೊಳ್ಳುವುದಕ್ಕೆ. ಇದನ್ನೆಲ್ಲ ವಿವರಿಸುವಷ್ಟು ಸ್ವೀಡಿಷ್ ನನಗೆ ಬಾರದು. ನಕ್ಕುಬಿಡುತ್ತೇನೆ.

ನಾರ್‌ಶೋಪಿಂಗ್ ಊರಿನ ನಮ್ಮ ಆಫೀಸು ಸರಕು ಸಾಗಣೆಯದು. ಅಲ್ಲಿ ಕಾಫಿ ಯಂತ್ರದ ಪಕ್ಕದ ಗೋಡೆಯಲ್ಲಿ ಹಳೆಯ ಪ್ರಯಾಣಿಕ ಹಡಗೊಂದರ ಫೋಟೋ ಇದೆ. ಡೆಕ್ಕಿನ ಮೇಲೆ ಮರದ ಚೌಕಟ್ಟು, ಅದರೊಳಗೆ ದಪ್ಪ ಕ್ಯಾನ್ವಾಸಿನ ತೊಟ್ಟಿ, ತೊಟ್ಟಿಯಲ್ಲಿ ನಾಲ್ವರು ಹೆಂಗಸರು. ತಲೆಗೆ ಟೋಪಿ, ಮೊಣಕಾಲು ಮುಚ್ಚುವ ಅಂಗಿ, ಅದರ ಕೆಳಗೆ ಕಪ್ಪು ಕಾಲುಚೀಲ. ಸುತ್ತ ಕಣ್ಣು ಹಾಯುವಷ್ಟು ದೂರ ಸಮುದ್ರ. ಅದೇ ಸಮುದ್ರದ ನೀರನ್ನು ಪಂಪಿನಿಂದ ಎತ್ತಿ, ತೊಟ್ಟಿಗೆ ತುಂಬಿ, ಮೈಯೆಲ್ಲ ಮುಚ್ಚಿಕೊಂಡು ಅದರಲ್ಲಿ ಕೂತಿದ್ದಾರೆ. ನನಗೆ ಅವರನ್ನು ಕಂಡರೆ ನಮ್ಮ ಕಡೆಯ ನೆಂಟರನ್ನು ಕಂಡಷ್ಟು ಸಲುಗೆ.

ಆ ನಂಟಿಗೆ ಕಾರಣ ನಮ್ಮತ್ತೆ. ಊರಿನಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ಆಮೇಲೆ ವ್ಯಾಯಾಮ ಮಾಡದೆ, ಕಾಲು ಬಿಗಿದುಕೊಂಡೇ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದರು. ಬಚ್ಚಲಿಗೆ ಹೋಗಲೂ ಯಾರಾದರೂ ಕೈ ಹಿಡಿಯಬೇಕು. ಊರಿನ ಡಾಕ್ಟರು ಫೋನಿನಲ್ಲೇ ಗದರಿದರು: "ದಿನಾ ನೀರಲ್ಲಿ ನಡೆಸಿ. ಈಗ ಬಿಟ್ರೆ ಆ ಕಾಲು ಮತ್ತೆ ಮಡಚೂದಿಲ್ಲ." ಸರಿ, ಸಿಮ್‌ಹಾಲ್, ಅಂದರೆ ಇಲ್ಲಿನ ಸಾರ್ವಜನಿಕ ಈಜುಕೊಳ, ಮನೆಯಿಂದ ಎರಡು ಸ್ಟಾಪು. ನನ್ನ ಗಂಡ ಇದು ಹೆಂಗಸರ ಇಲಾಖೆ ಎಂದು ಘೋಷಿಸಿ ತಪ್ಪಿಸಿಕೊಂಡರು.

ಅಲ್ಲಿನ ನಿಯಮ ನಮಗೆ ಗೊತ್ತಿರಲಿಲ್ಲ. ಕೊಳಕ್ಕೆ ಇಳಿಯುವ ಮೊದಲು ಬಾಗಿಲಿಲ್ಲದ, ಅಡ್ಡಗೋಡೆಯಿಲ್ಲದ ಬಚ್ಚಲಿನಲ್ಲಿ ಎಲ್ಲರೂ ಹುಟ್ಟುಡುಗೆಯಲ್ಲಿ ಸೋಪು ಹಚ್ಚಿ ಮೀಯಬೇಕು. ನಾವಿಬ್ಬರೂ ಈಜುಡುಗೆ ತೊಟ್ಟು, ಅದರ ಮೇಲೆ ಮರ್ಯಾದೆಗೆಂದು ನೈಟಿ ತೊಟ್ಟು, ಶವರಿನ ಕೆಳಗೆ ನಿಂತೆವು. ಅಲ್ಲಿನ ಸಿಬ್ಬಂದಿ ಹೆಂಗಸು ಬಂದು, ಬಟ್ಟೆ ಕಳಚಿ ಮೀಯಿರಿ ಎಂದು ತೋರಿಸುವ ಗೋಡೆಯ ಮೇಲಿನ ಚಿತ್ರ ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ನಾವು ಸೋರುವ ನೈಟಿಯಲ್ಲೇ ವಾಪಸು.

"ಕಾಲು ಹೋದ್ರೂ ಅಡ್ಡಿಲ್ಲ ಮಾರಾಯ್ತಿ, ಮಾನ ಹೋಗ್ಬಾರ್ದು," ಎಂದು ಅತ್ತೆ ಸೋಫಾ ಹಿಡಿದರು. ಒಳಗೊಳಗೇ ನನಗೂ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಸೊಸೆಯಾಗಿ ಇಪ್ಪತ್ತು ವರ್ಷವಾದರೂ ಅವರ ಮುಂದೆ ತಲೆ ಒರೆಸಿಕೊಂಡವಳಲ್ಲ ನಾನು. ಆದರೆ ವಾರ ಕಳೆಯಿತು, ಕಾಲು ಇನ್ನಷ್ಟು ಬಿಗಿಯಿತು, ನನಗೆ ಹೆದರಿಕೆ ಹತ್ತಿತು.

ಆಫೀಸಿನ ಫೋಟೋದ ಹೆಂಗಸರು ನೆನಪಾಗಿ, ಅವರನ್ನು ಒಪ್ಪಿಸಲು ಏನಾದರೂ ಸಿಗಬಹುದೆಂದು ಲೈಬ್ರರಿಯಿಂದ ಹಳೆಯ ಹಡಗುಗಳ ಪುಸ್ತಕ ತಂದೆ. ತೀರ ಸಿರಿವಂತರನ್ನು ಬಿಟ್ಟರೆ ಯಾರ ಕ್ಯಾಬಿನ್ನಿನಲ್ಲೂ ಬಚ್ಚಲು ಇರುತ್ತಿರಲಿಲ್ಲವಂತೆ. ಸ್ನಾನಕ್ಕೆಂದೇ ಒಬ್ಬ ನೌಕರ; ಅವನ ಹತ್ತಿರ ಹೆಸರು ಬರೆಸಿ ಪಾಳಿ ಪಡೆಯಬೇಕು. ಬೆಳಿಗ್ಗೆ ಅವನು ಬಾಗಿಲು ತಟ್ಟಿದರೆ ಎದ್ದು ಹೋಗಬೇಕು, ನಿದ್ದೆ ಬಂದರೂ ಸರಿ. ತೊಟ್ಟಿಯಲ್ಲಿ ಬಿಸಿ ಮಾಡಿದ ಸಮುದ್ರದ ನೀರು, ಕೊನೆಗೆ ಮೈಮೇಲೆ ಸುರಿದುಕೊಳ್ಳಲು ಒಂದಿಷ್ಟು ಸಿಹಿನೀರು. ಉಪ್ಪುನೀರಿನಲ್ಲಿ ಸೋಪು ನೊರೆಯೇಳುವುದಿಲ್ಲವೆಂದು ಬೇರೆ ಸೋಪನ್ನೇ ಮಾಡಿದ್ದರಂತೆ. ಮುಂದೆ ಟೈಲ್ಸ್ ಹಾಕಿದ ಕೊಳಗಳು ಬಂದವು. ಅಲ್ಲೂ ಗಂಡಸರಿಗೊಂದು ಹೊತ್ತು, ಹೆಂಗಸರಿಗೊಂದು ಹೊತ್ತು.

ಪಾಳಿಯ ವಿಷಯದಲ್ಲಿ ಈ ದೇಶ ಇಂದಿಗೂ ಹಡಗೇ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯಲೂ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಒಮ್ಮೆ ಹತ್ತು ನಿಮಿಷ ಮೀರಿದ್ದಕ್ಕೆ ಬಾಗಿಲಿಗೆ ಚೀಟಿ ಅಂಟಿಸಿದ್ದರು, ಕೆಳಗೆ 'ಪ್ರೀತಿಯಿಂದ, ನೆರೆಯವರು' ಎಂದು ಬೇರೆ.

ಪುಸ್ತಕ ತೋರಿಸಿ ಅತ್ತೆಗೆ ಹೇಳಿದೆ: "ನೋಡಿ ಅತ್ತೆ, ಇವ್ರೂ ನಮ್ಮ ಹಾಗೇ ನಾಚ್ಕೊಳ್ತಿದ್ರು. ಯಾರೂ ಇಲ್ಲದ ಹೊತ್ತು ನೋಡಿ ನಾವೂ ಹೋಗುವ." ಮಂಗಳವಾರ ಬೆಳಿಗ್ಗೆ ಏಳೂವರೆಗೆ ಒಂದು ನರಪಿಳ್ಳೆಯೂ ಇರುವುದಿಲ್ಲವೆಂದು ಪತ್ತೆ ಹಚ್ಚಿದ್ದೆ. ಗೊಣಗುತ್ತ ಹೊರಟರು.

ಬಚ್ಚಲಿನಲ್ಲಿ ಪರಸ್ಪರ ಬೆನ್ನು ಹಾಕಿದೆವು. ನಾನು ಕಣ್ಣು ಮುಚ್ಚಿ, ದೇವರೇ ಎಂದು ಎಲ್ಲ ಕಳಚಿ ನಿಂತೆ. ಪಕ್ಕದ ಶವರಿನಿಂದ "ಹೇಯ್" ಎಂದು ಕೇಳಿಸಿತು. ನಮ್ಮ ಮ್ಯಾನೇಜರು ಇಂಗ್ರಿಡ್, ತಲೆತುಂಬ ಶಾಂಪೂ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಮಾತ್ರ, ಆಫೀಸಿನಲ್ಲಿ ಕೇಳುವ ಹಾಗೇ, ಕಂಟೇನರುಗಳ ಪಟ್ಟಿ ಕಳಿಸಿದೆಯಾ ಎಂದಳು. ಕಳಿಸಿದ್ದೇನೆ ಎಂದೆ.

ಆಮೇಲೆ ನೈಟಿಯಲ್ಲೇ ಗೋಡೆಗೆ ಅಂಟಿಕೊಂಡಿದ್ದ ಅತ್ತೆ ಅವಳ ಕಣ್ಣಿಗೆ ಬಿದ್ದರು. ಸಂಗತಿ ತಿಳಿಯಿತೆಂದು ಕಾಣುತ್ತದೆ. "ನನ್ನ ಅಜ್ಜಿಯ ತಾಯಿ ಹಡಗಿನಲ್ಲಿ ಅಮೆರಿಕಕ್ಕೆ ಹೋದವಳು," ಎಂದಳು. "ಬಡವರ ದರ್ಜೆ. ಅಪರಿಚಿತರ ಮುಂದೆ ಹೇಗೆ ಮೀಯುವುದೆಂದು ದಾರಿಯುದ್ದಕ್ಕೂ ಮೀಯಲೇ ಇಲ್ಲ. ಮೊದಲೇ ಅಲ್ಲಿ ನೆಲೆಸಿದ್ದ ಅಣ್ಣ ಬಂದರಿನಲ್ಲಿ ಅಪ್ಪಿಕೊಳ್ಳಲು ಬಂದವನು ವಾಸನೆಗೆ ಹಿಂದೆ ಸರಿದು ಬರೀ ಕೈ ಕುಲುಕಿದ. ಅತ್ತಿಗೆ ಮನೆಯೊಳಗೆ ಬಿಡದೆ ಹಿತ್ತಲಿನಲ್ಲೇ ಮೀಯಿಸಿದಳು, ನೆರೆಯವರೆಲ್ಲ ನೋಡುತ್ತಿದ್ದರು."

ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅತ್ತೆ ಮೊದಲು ಸೆರಗು ಹುಡುಕಿದರು, ಸಿಗಲಿಲ್ಲ, ಕೈಯಿಂದಲೇ ಬಾಯಿ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಬಗ್ಗಿ ಬಿಗಿದ ಮೊಣಕಾಲನ್ನು ನೀವಿಕೊಂಡರು.

"ನಾನೂ ಊರಲ್ಲಿ ಗಾಲಿಕುರ್ಚಿಲಿ ಇಳಿದ್ರೆ ಎಲ್ಲ ಹೀಗೇ ದೂರ ನಿಂತು ನೋಡ್ತಾರೆ, ಅಲ್ವಾ? ಸೋಪು ಕೊಡು ಇಲ್ಲಿ. ನೀನು ಆಚೆ ತಿರುಗು."

ತಿರುಗಿದೆ. ಅವರು ಮಿಂದರು, ಈಜುಡುಗೆ ತೊಟ್ಟರು, ನನ್ನ ಕೈ ಹಿಡಿದು ಬಿಸಿನೀರಿನ ಕೊಳಕ್ಕೆ ಇಳಿದು ಅಯ್ಯಯ್ಯೋ ಎನ್ನುತ್ತ ಆಚೆ ದಡದವರೆಗೆ ನಡೆದರು. ಅಂದಿನಿಂದ ವಾರಕ್ಕೆ ನಾಲ್ಕು ದಿನ. ಬೆಳಗಿನ ಮುದುಕಿಯರ ಗುಂಪಿನಲ್ಲಿ ಅವರಿಗೊಂದು ಜಾಗವಾಯಿತು. ಅತ್ತೆ ಕನ್ನಡದಲ್ಲಿ, ಅವರೆಲ್ಲ ಸ್ವೀಡಿಷಿನಲ್ಲಿ. ಮಾತು ನಿಂತದ್ದನ್ನು ಮಾತ್ರ ನಾನು ಕಂಡಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ನಾನು ಬೇಗ ಮಿಂದು ಬಟ್ಟೆ ತೊಟ್ಟೆ. ಬಚ್ಚಲಿನ ಮೂಲೆಯಲ್ಲಿ ಮೈ ಒರೆಸುವ ದೊಡ್ಡ ಬೈರಾಸನ್ನು ಎರಡೂ ಕೈಯಿಂದ ಪರದೆಯ ಹಾಗೆ ಎತ್ತಿ ಹಿಡಿದು ಅತ್ತೆಗೆ ಕಾದೆ. ಗುಂಪಿನ ಜೊತೆ ನಗುತ್ತ ಬಂದವರು ನನ್ನ ಪರದೆಯನ್ನು ದಾಟಿ ಹೋಗಿ ಶವರಿನ ಕೆಳಗೆ ನಿಂತು ಕೇಳಿದರು:

"ಎಂಥದ್ದು ಮಾರಾಯ್ತಿ, ಬೈರಾಸು ಒಣಗಿಸ್ತಾ ಇದ್ದೀಯಾ?"

ಕೈ ಇಳಿಸಿದೆ. ಆಗ ಹೊಳೆಯಿತು, ಕೊಳದಿಂದ ಅಲ್ಲಿಯವರೆಗೆ, ಒದ್ದೆ ನೆಲದ ಮೇಲೆ, ಅವರು ಯಾರ ಕೈಯನ್ನೂ ಹಿಡಿಯದೆ ನಡೆದು ಬಂದಿದ್ದರು.