ಎಮ್ಯಾನುವೆಲ್ ಅಂಕಲ್ ಬರೆದ ಊಟದ ಪಟ್ಟಿ

ಲಂಡನ್ನಿನ ಹ್ಯಾರೋದ ಎಮ್ಯಾನುವೆಲ್ ಅಂಕಲ್ ಕ್ರಿಸ್ಮಸ್ ಊಟಕ್ಕೆ ಯಾರು ಏನು ಮಾಡಿ ತರಬೇಕೆಂಬ ಪಟ್ಟಿ ಬರೆಯಲು ಪೆನ್ಸಿಲು ಚೂಪು ಮಾಡಿದರೆಂದರೆ, ದೊಡ್ಡ ದೊಡ್ಡ ದಂಡನಾಯಕರೂ ಯುದ್ಧದ ನಕ್ಷೆ ಮಡಚಿಟ್ಟು ಪಾಠ ಕೇಳಲು ಕೂರಬೇಕು. ಸೆಪ್ಟೆಂಬರಿನಿಂದಲೇ ಅವರಿಗೆ ಜನರ ಹೆಸರು ಮರೆತು ತಿಂಡಿಯ ಹೆಸರಷ್ಟೇ ಉಳಿಯುತ್ತದೆ, ಫೋನು ಮಾಡಿ, "ಏನು ಪಾಯಸ, ಮಂಡಿನೋವು ಹೇಗುಂಟು?" ಎಂದೇ ವಿಚಾರಿಸುತ್ತಾರೆ. ಅವರ ನ್ಯಾಯ ಮಾತ್ರ ವಿಚಿತ್ರ: ಪಿನ್ನರ್‌ನ ದೊಡ್ಡ ಕಾರಿನವರು ತರಬೇಕಾದದ್ದು ನಾಲ್ಕು ನಿಂಬೆಹಣ್ಣು, ಕಾರಿಲ್ಲದವರ ಪಾಲಿಗೆ ಹೊರಲಾರದ ಪಾತ್ರೆ. ಪಾರ್ಕ್ ರಾಯಲ್‌ನ ಬಾಡಿಗೆ ಕೋಣೆಗೆ ಆಗಷ್ಟೇ ಒಬ್ಬಳೇ ಬಂದಿದ್ದ ನರ್ಸ್ ವಲೀಶಾಳಿಗೆ ಮೂವತ್ತು ಜನರ ಕೋಳಿ ಸಾರು ಬಿತ್ತು. "ಅಂಕಲ್, ಕ್ರಿಸ್ಮಸ್ ದಿನ ಟ್ಯೂಬ್ ರೈಲಿಲ್ಲ, ಬಸ್ಸಿಲ್ಲ. ನಾನು ರೂಮಲ್ಲೇ ಇರ್ತೇನೆ, ಬಿಡಿ" ಎಂದಳು. "ನೀನು ಬೇಕಾದ್ರೆ ಇರು ಮಾರಾಯ್ತಿ, ಸಾರು ಬರಲೇಬೇಕು. ಹತ್ತು ಗಂಟೆಗೆ ಕಾರು ತರ್ತೇನೆ." ಹತ್ತಕ್ಕೆ ಬಂದ ಕಾರಿನಲ್ಲಿ ಆಗಲೇ ಮೂವರಿದ್ದರು, ಮೂವರಿಗೂ ಈ ಊರಲ್ಲಿ ಕಾರಿಲ್ಲ, ಮನೆಯವರಿಲ್ಲ, ಮೂವರ ತೊಡೆಯ ಮೇಲೂ ಒಂದೊಂದು ಪಾತ್ರೆ. ವಲೀಶಾಳಿಗೆ ಪಟ್ಟಿಯ ಗುಟ್ಟು ತಿಳಿಯಿತು. "ಪಾತ್ರೆ ಬರೀ ನೆಪ ಅಲ್ವಾ ಅಂಕಲ್? ನೀವು ಬಂದದ್ದು ನಮಗೋಸ್ಕರ. ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು." ಅಂಕಲ್ ಕನ್ನಡಿಯಲ್ಲಿ ಹಿಂದಿನ ಸೀಟನ್ನು ಕಳವಳದಿಂದ ನೋಡಿದರು. "ಮುಚ್ಚಳ ಗಟ್ಟಿ ಹಿಡ್ಕೊ, ಸೀಟು ಹೊಸತು."