ನೋಡ್ಕೋತೀನಿ: ಬೆದರಿಕೆ ಒಂಬತ್ತು, ಆರೈಕೆ ನಾಲ್ಕು

ಬೆಳಗಾವಿಯ ಅನಗೋಳದಲ್ಲಿ ಒಂದು ಮನೆಯ ಬಾಗಿಲಲ್ಲಿ ನಿಂತು, "ರೂಮು ಖಾಲಿ ಇದೆಯಾ ಆಂಟಿ?" ಎಂದೆ. ಯಜಮಾನಿ ಪದ್ಮಕ್ಕ ಒಳಗೆ ತಿರುಗಿ ಕೂಗಿದರು: "ಏ, ಬರ್ರಿ ಇಲ್ಲೆ! ಟೀವ್ಯಾಗಿನಾಕಿ ಬಾಗಲಿಗೆ ಬಂದಾಳ!"

ಮೈಸೂರಿನವಳಾದ ನನ್ನ ಕನ್ನಡವನ್ನು ಅವರು ಧಾರಾವಾಹಿಗಳಲ್ಲಷ್ಟೇ ಕೇಳಿದ್ದರು. ಆಸ್ಪತ್ರೆಯ ಲ್ಯಾಬ್ ಕೆಲಸಕ್ಕೆ ಬಂದವಳು ಅಲ್ಲೇ ಮಹಡಿಯ ಕೋಣೆ ಹಿಡಿದೆ. ನಮ್ಮ ಕಡೆ ಟೀವಿ ತನ್ನ ಪಾಡಿಗೆ ಅರಚುತ್ತಿರುತ್ತದೆ. ಇಲ್ಲಿ ಹೊಸ ಧಾರಾವಾಹಿ ಶುರುವಾದರೆ ಕುಕ್ಕರ್ ಕೂಡ ಕೂಗುವಂತಿಲ್ಲ. ಸೋಫಾ ಪದ್ಮಕ್ಕನಿಗೂ ಮಗನಿಗೂ. ನೆಲ ನನಗೂ ಸೊಸೆ ವೈಶಾಲಿಗೂ.

ಡೈರಿಯಲ್ಲಿ ಲೆಕ್ಕ ಇಡುವುದು ನನ್ನ ಚಟ. ಆ ಧಾರಾವಾಹಿಯ ಮೊದಲ ಇಪ್ಪತ್ತು ಕಂತು: ಕಪಾಳಕ್ಕೆ ಏಟು ಏಳು, ಬಾಗಿಲ ಮರೆಯಲ್ಲಿ ಕದ್ದು ಕೇಳಿದ್ದು ಹದಿನಾರು, ಜರಿ ಸೀರೆಯಲ್ಲೇ ಮಲಗಿದವರು ಕತೆಯ ಮನೆಯ ಹೆಂಗಸರೆಲ್ಲ. ಬೆಳಗಾವಿ ಕನ್ನಡ ಆಡುವವಳು ಒಬ್ಬಳೇ, ಕೆಲಸದವಳು. "ನಮ್ಮ ಮಾತ ಆಡಾವ್ರು ನಿಮ್ಮ ಟೀವ್ಯಾಗ ಬರೇ ಭಾಂಡಿ ತಿಕ್ಕತಾರಲ್ಲ?" ಎಂದು ಪದ್ಮಕ್ಕ ಕುಟುಕಿದರು, ಕತೆ ನಾನೇ ಬರೆದ ಹಾಗೆ. ಭಾಂಡಿ ಎಂದರೆ ಪಾತ್ರೆ.

ವೈಶಾಲಿ ಖಾನಾಪುರದ ಮರಾಠಿ ಮನೆಯ ಹುಡುಗಿ. ಪದ್ಮಕ್ಕನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಆದರೂ ಸೊಸೆ ಕನ್ನಡವನ್ನೇ ಆಡಬೇಕೆಂಬ ಹಟ. ಅವಳು ಧಾರಾವಾಹಿ ನೋಡಿಯೇ ಕಲಿಯುತ್ತಿದ್ದಳು. ಅತ್ತೆ ಕಾಲು ಉಳುಕಿಸಿಕೊಂಡು ಕೂತ ದಿನ, ಕತೆಯ ನಾಯಕಿಯಂತೆ ಕೈಹಿಡಿದು, "ಅತ್ತೆ, ಇನ್ನು ನಿಮ್ಮನ್ನು ನಾನು ನೋಡ್ಕೋತೀನಿ" ಎಂದಳು.

ಹಿಂದಿನ ದಿನವಷ್ಟೇ ಖಳನಾಯಕಿ ಅದೇ ಮಾತು ಹೇಳಿ ಹಲ್ಲು ಕಡಿದಿದ್ದಳು. ಪದ್ಮಕ್ಕ ಕೈ ಕೊಸರಿಕೊಂಡರು: "ನನಗ ಧಮಕಿ ಹಾಕ್ತೀಯೇನ? ತವರಮನಿ ದಾರಿ ಗೊತ್ತೈತಿಲ್ಲ ನಿನಗ?"

ವೈಶಾಲಿ ಮರಾಠಿಯಲ್ಲಿ ಏನೋ ಹೇಳಹೋದಳು.

"ಕನ್ನಡದಾಗ ಹೇಳ!"

ಅವಳು ಮತ್ತೆ ಅದೇ "ನೋಡ್ಕೋತೀನಿ" ಎಂದಳು. ಪದ್ಮಕ್ಕ ನನ್ನತ್ತ ತಿರುಗಿದರು. "ಇದು ನಿಮ್ಮ ಕಡಿ ಮಾತು. ನೀನ ಹೇಳವಾ, ಏನ್ ಅರ್ಥ ಇದರದು? ಬಾ, ಇಲ್ಲೆ ಮ್ಯಾಲ ಕುಂದ್ರ."

ನಾಲ್ಕು ತಿಂಗಳಲ್ಲಿ ಮೊದಲ ಸಲ ಸೋಫಾ. ಡೈರಿ ತೆರೆದೆ. ನೋಡ್ಕೋತೀನಿ: ಬೆದರಿಕೆ ಒಂಬತ್ತು, ಆರೈಕೆ ನಾಲ್ಕು. "ಒಂಬತ್ತು ಸಲ ಬೆದರಿಕೆಗೇ ಬಂದಿದೆ" ಎಂದಷ್ಟೇ ಓದಿದೆ. ಸುಳ್ಳೇನೂ ಅಲ್ಲ.

ಭಾನುವಾರ ಗಂಡ ಅವಳನ್ನು ಖಾನಾಪುರಕ್ಕೆ ಬಿಡಲು ಹೊರಟ. ಎಷ್ಟು ದಿನಕ್ಕೆಂದು ಯಾರೂ ಹೇಳಲಿಲ್ಲ. ಹೊಸ್ತಿಲಲ್ಲಿ ನಿಂತು ವೈಶಾಲಿ ನನ್ನನ್ನೇ ನೋಡುತ್ತ, ಮರಾಠಿಯಲ್ಲಿ ಒಂದೇ ಮಾತು ನಿಧಾನವಾಗಿ ಹೇಳಿದಳು. ಗಂಡ ತಲೆ ತಗ್ಗಿಸಿದ. ಪದ್ಮಕ್ಕ ಬಿದ್ದು ಬಿದ್ದು ನಕ್ಕರು.

"ಏನಂದಳು?"

"ನಿನಗ್ಯಾಕವಾ ಅದು? ನೀ ಈಗ ನಮ್ಮ ಮನಿಯಾಕಿ."

ಕೇಳಿದಂತೆಯೇ ಆ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಲ್ಯಾಬಿನಲ್ಲಿ ಮರಾಠಿ ಬಲ್ಲವರು ಆರು ಮಂದಿ. ಇನ್ನೂ ಒಬ್ಬರಿಗೂ ತೋರಿಸಿಲ್ಲ.